ಯಾವ ಉಗ್ರಾಣದಲ್ಲೂ ಇಲ್ಲದ ಪ್ಯಾಕೇಜ್

"ಕೈ ತೆಗಿ," ಎಂದಳು ನನ್ನವಳು.

ಸೊಸೆಯ ತಮ್ಮ ಕಾದ ಹಂಚು ಮುಟ್ಟಿದವನಂತೆ ಕೀಬೋರ್ಡಿನಿಂದ ಕೈ ಎಳೆದುಕೊಂಡ.

"ಇನ್ನೊಂದು ಸಲ ರೀಸ್ಟಾರ್ಟ್ ಮಾಡೋಣ ಅಂತಿದ್ದೆ ಅಮ್ಮ."

"ಬೆಳಿಗ್ಗೆಯಿಂದ ಎಷ್ಟು ಸಲ ಮಾಡಿದೀಯ?"

"ಐದು."

"ಐದು ಸಲದಲ್ಲಿ ಹೊಸದಾಗಿ ಏನು ಗೊತ್ತಾಯ್ತು?"

ಅವನು ಎದ್ದು ಜಾಗ ಬಿಟ್ಟ. ಅವಳು ಕುರ್ಚಿ ಎಳೆದು ಕೂತಳು. ಕನ್ನಡಕ ಏರಿಸಿದಳು. ಎರಡು ರೂಲಿನ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಪಕ್ಕದಲ್ಲಿ ಸಮಯ ಬರೆದಳು: ಒಂಬತ್ತೂವರೆ.

ಸೇತುವೆ ಪರೀಕ್ಷಿಸುವ ಎಂಜಿನಿಯರ್ ಆದ ನಮ್ಮ ಸೊಸೆ ಹೋದ ತಿಂಗಳ ಕೊನೆಗೆ ಬರೆದ ಗುಟ್ಟಿನ ವರದಿ, ಅವಳು ಕಚೇರಿಗೆ ಕೊಡುವ ಎರಡು ದಿನ ಮೊದಲೇ ಗುತ್ತಿಗೆದಾರನ ಮೇಜಿನ ಮೇಲಿತ್ತು. ಕೊಟ್ಟವಳು ಅವಳೇ ಎಂಬ ಆರೋಪದ ವಿಚಾರಣೆ ಇವತ್ತು ಮಧ್ಯಾಹ್ನ ನಾಲ್ಕಕ್ಕೆ. ಆರೋಪ ನಿಂತರೆ ಅವಳ ಕೆಲಸ ಹೋಗುತ್ತದೆ. ವರದಿಯೂ ಕಸದ ಬುಟ್ಟಿಗೆ ಹೋಗುತ್ತದೆ. ಸೇತುವೆಯ ಮೂರನೇ ಕಂಬದ ಬಿರುಕು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಆ ಸೇತುವೆಯ ಮೇಲೆ ದಿನಕ್ಕೆ ಆರು ಸಲ ಬಸ್ ಓಡಿಸುವವನು, ಈಗ ಕೈಕಟ್ಟಿ ನಿಂತಿದ್ದ ಸೊಸೆಯ ತಮ್ಮನೇ.

ಇನ್ನು ನನ್ನವಳ ಬಗ್ಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಲೈನ್ ರಿಪೇರಿ ಮಾಡಿದವಳು. ಕಂಬ ಹತ್ತಿದ ಮೊದಲ ಹೆಂಗಸು ಎಂದು ಆಗ ಬೀದಿಯವರೆಲ್ಲ ನೋಡಲು ನಿಲ್ಲುತ್ತಿದ್ದರು. ಜನ ಅವಳನ್ನು ತಂತಿಯಕ್ಕ ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಪಠ್ಯಪುಸ್ತಕ ತರಿಸಿಕೊಂಡು, ಕಂಪ್ಯೂಟರ್ ನೆಟ್‌ವರ್ಕಿನ ಪಾಠವನ್ನು ಮೊದಲ ಪುಟದಿಂದ ಕಲಿತಳು. ನಾನು ದರ್ಜಿ. ಬಟ್ಟೆಯ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆ, ತಂತಿಯ ತಪ್ಪು ಅವಳ ಕಣ್ಣಿಗೆ. ಹೆಂಡತಿಯನ್ನು ಹೊಗಳುವವನು ಹುಚ್ಚ ಎನ್ನುತ್ತಾರೆ. ಎನ್ನಲಿ.

ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಆ ಪೆಟ್ಟಿಗೆ ಇತ್ತು. ಊಟದ ಡಬ್ಬಿಯಷ್ಟು ದೊಡ್ಡದು, ಮುಂದೆ ನಾಲ್ಕು ಹಸಿರು ದೀಪ. ಮನೆಯ ಇಂಟರ್ನೆಟ್ಟಿಗೆ ಅದೇ ಬಾಗಿಲು, ಅದೇ ಕಾವಲು. ಒಳಗೆ ಫೈರ್‌ವಾಲ್ ತಂತ್ರಾಂಶ ಹಾಕಿ ಎರಡು ವರ್ಷದ ಹಿಂದೆ ಕೂರಿಸಿಕೊಟ್ಟವನು ಸೊಸೆಯ ತಮ್ಮ. ಕಳೆದ ಭಾನುವಾರ ಅದನ್ನು ಹೊಸ ಆವೃತ್ತಿಗೆ ಏರಿಸಿದವನೂ ಅವನೇ. ಅಂದಿನಿಂದ ಕಾವಲಿನ ಜೊತೆಗಿದ್ದ ಚಿಕ್ಕಪುಟ್ಟ ತಂತ್ರಾಂಶಗಳು, ಅಂದರೆ ಪ್ಯಾಕೇಜುಗಳು, ಒಂದೂ ಏಳುತ್ತಿರಲಿಲ್ಲ. ಪಟ್ಟಿ ತೆರೆದರೆ ಬಿಳಿ ಪುಟ.

ಅದಕ್ಕೇ ಮನೆಯಲ್ಲಿ ಎಲ್ಲರ ಕಣ್ಣೂ ಅವನ ಮೇಲೆ. ಪೆಟ್ಟಿಗೆಗೆ ಕೈ ಹಾಕುವವನು ಇವನೊಬ್ಬನೇ, ವರದಿ ಸೋರಿದ್ದೂ ಇವನಿಂದಲೇ, ಗುರುತು ಅಳಿಸಲೆಂದೇ ಭಾನುವಾರ ಏರಿಸಿದ್ದು ಎಂದು ನನ್ನ ಮಗ ನಿನ್ನೆ ಬಾಯಿಬಿಟ್ಟೇ ಹೇಳಿದ್ದ. ಪಾಪ, ಡ್ರೈವರ್ ಸಮವಸ್ತ್ರ ಹಾಕಿಕೊಂಡೇ ರಜೆ ಬರೆದುಕೊಟ್ಟು ಬಂದಿದ್ದ.

"ಮೊದಲು ಗಡಿಯಾರ," ಎಂದಳು ನನ್ನವಳು.

"ಗಡಿಯಾರನಾ?"

"ಪೆಟ್ಟಿಗೆ ಇಂಟರ್ನೆಟ್ಟಿನಲ್ಲಿರೋ ತಂತ್ರಾಂಶದ ಉಗ್ರಾಣಕ್ಕೆ ಹೋಗಿ ಪ್ಯಾಕೇಜ್ ಕೇಳುತ್ತೆ. ಉಗ್ರಾಣದವನು ಗುರುತಿನ ಚೀಟಿ ತೋರಿಸ್ತಾನೆ. ಪೆಟ್ಟಿಗೆಯ ಗಡಿಯಾರ ತಪ್ಪಿದ್ರೆ ಆ ಚೀಟಿ ಅವಧಿ ಮುಗಿದಿದ್ದು ಅನ್ಕೊಂಡು ವಾಪಸ್ ಬಂದುಬಿಡುತ್ತೆ."

ಗಡಿಯಾರ ಸರಿ ಇತ್ತು. ನೋಟ್‌ಬುಕ್ಕಿನಲ್ಲಿ ಒಂದು ಗೀಟು ಬಿತ್ತು.

"ಈಗ ವಿಳಾಸ." ಉಗ್ರಾಣದ ಹೆಸರು ಹೇಳಿದರೆ ಪೆಟ್ಟಿಗೆಗೆ ದಾರಿ ತಿಳಿಯುತ್ತದೆಯೇ ಎಂದು ನೋಡಿದಳು. ತಿಳಿಯುತ್ತಿತ್ತು. ಇನ್ನೊಂದು ಗೀಟು.

ಮೂರನೆಯದಕ್ಕೆ ಅವಳ ಪೆನ್ನು ನಿಂತಿತು.

"ಇಲ್ಲಿ ನೋಡು. ಪೆಟ್ಟಿಗೆ ಹೊಸದಾಗಿದೆ. ಆದ್ರೆ ಇನ್ನೂ ಹಳೇ ಆವೃತ್ತಿಯ ಉಗ್ರಾಣದ ಬಾಗಿಲನ್ನೇ ತಟ್ತಾ ಇದೆ."

"ಅಲ್ಲಿ ಯಾರೂ ಇಲ್ಲ," ಎಂದ ಅವನು ಮೆಲ್ಲಗೆ.

"ಇಲ್ಲ. ನೀನೇ ಬದಲಾಯಿಸು."

ಅವನು ಒಂದೇ ಒಂದು ಸಾಲು ತಿದ್ದಿದ. ಎಂಟರ್ ಒತ್ತಿದ.

ಬಿಳಿ ಪುಟದಲ್ಲಿ ಒಂದೊಂದೇ ಸಾಲು ಇಳಿಯತೊಡಗಿತು. ಜಾಹೀರಾತು ತಡೆಯುವ ಪ್ಯಾಕೇಜ್. ಕಚೇರಿಗೆ ಗುಟ್ಟಾಗಿ ಕಡತ ಕಳಿಸಲು ಸುರಂಗ ಕಟ್ಟುವ ಪ್ಯಾಕೇಜ್. ಯಾರು ಬಂದರು, ಯಾರು ಹೋದರು ಎಂದು ಬರೆದಿಡುವ ಗೇಟ್‌ಲಾಗ್. ಅವನ ಮುಖದಲ್ಲಿ ನಾಲ್ಕು ದಿನದ ನಂತರ ಜೀವ ಬಂತು.

"ಆಯ್ತಲ್ಲ ಅಮ್ಮ."

"ಆಗಿಲ್ಲ."

ಪಟ್ಟಿ ಬಂದಿತ್ತು, ಆದರೆ ಹೊಸದಾಗಿ ಕೂರಿಸಲು ಹೋದರೆ ಮೂರೂ ಅರ್ಧಕ್ಕೆ ನಿಲ್ಲುತ್ತಿದ್ದವು. ಪರದೆಯ ಕೆಳಗೆ ಒಂದು ಕೆಂಪು ಸಾಲು. ನನ್ನವಳು ಅದನ್ನು ನೋಟ್‌ಬುಕ್ಕಿಗೆ ಅಕ್ಷರ ಅಕ್ಷರವಾಗಿ ಇಳಿಸಿಕೊಂಡಳು. ಬರೆಯುತ್ತಿದ್ದಂತೆ ನಿಧಾನವಾದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇವ್ರೇ, ನಿಮ್ಮ ಕಣ್ಣು ಸೂಕ್ಷ್ಮ. ಇವೆರಡು ಹೆಸರು ಓದಿ."

ನಾನು ಎದ್ದು ಬಂದು ಓದಿದೆ. ಮೇಲೆ ಗೇಟ್‌ಲಾಗ್. ಕೆಳಗೆ ಕೆಂಪು ಸಾಲಿನಲ್ಲಿ ಗೇಟ್‌ಲಾಗ್ಸ್.

"ಕೊನೆಗೆ ಒಂದು ಅಕ್ಷರ ಹೆಚ್ಚಿದೆ," ಎಂದೆ.

"ಹೂಂ. ಒಂದೇ ಅಕ್ಷರ. ಗೇಟ್‌ಲಾಗ್ ಉಗ್ರಾಣದ್ದು. ಈ ಗೇಟ್‌ಲಾಗ್ಸ್ ಯಾವ ಉಗ್ರಾಣದಲ್ಲೂ ಇಲ್ಲ. ಹಳೇದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಯಾರೋ ಕೈಯಲ್ಲಿ ತಂದು ಒಳಗಿಟ್ಟಿದ್ದು."

ಸೊಸೆಯ ತಮ್ಮ ಎರಡು ಹೆಜ್ಜೆ ಹಿಂದೆ ಸರಿದ. "ನಾನಲ್ಲ. ದೇವರಾಣೆ ನಾನಲ್ಲ ಅಮ್ಮ."

"ನಿನ್ನನ್ನ ಕೇಳಿದೆನಾ? ಭಾನುವಾರ ಏರಿಸೋ ಮುಂಚೆ ಪ್ರತಿ ತೆಗೆದಿಟ್ಟಿದ್ಯಾ?"

"ತೆಗೆದಿದ್ದೆ. ಯಾವಾಗಲೂ ತೆಗೀತೀನಿ."

"ಕೊಡು."

ಅವನು ಜೇಬಿನಿಂದ ಉಗುರುದ್ದದ ಡ್ರೈವ್ ತೆಗೆದುಕೊಟ್ಟ. ಏರಿಸುವ ಮೊದಲು ಪೆಟ್ಟಿಗೆ ಹೇಗಿತ್ತೋ ಹಾಗೆ, ದಿನಚರಿಯ ಸಮೇತ, ಅದರಲ್ಲಿತ್ತು. ಅವಳು ಹುಡುಕಿದ್ದು ಇಪ್ಪತ್ತು ನಿಮಿಷ. ಸೊಸೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವಿಚಾರಣೆಗೆ ತನ್ನ ಟಿಪ್ಪಣಿ ಓದಿಕೊಳ್ಳುತ್ತಿದ್ದಳು.

"ಸಿಕ್ಕಿತು," ಎಂದಳು ನನ್ನವಳು. "ಅದು ಒಳಗೆ ಬಂದಿದ್ದು ಹೋದ ತಿಂಗಳು ಹದಿನಾಲ್ಕು. ಬೆಳಿಗ್ಗೆ ಹನ್ನೊಂದೂ ಇಪ್ಪತ್ತು."

"ಹದಿನಾಲ್ಕಕ್ಕೆ ನಾನು ಬಸ್ಸಿನಲ್ಲಿ," ಎಂದ ಅವನು. "ಡಿಪೋದ ಪುಸ್ತಕ ನೋಡಬಹುದು."

"ಗೊತ್ತು ಕಣೋ. ಕೂತ್ಕೋ ಮೊದಲು." ಅವಳು ಕನ್ನಡಕ ತೆಗೆದು ಅವನನ್ನು ನೋಡಿದಳು. "ಕೇಳು. ಈ ಕಳ್ಳ ಪ್ಯಾಕೇಜು ಹಳೇ ಆವೃತ್ತಿಗೆ ಹೊಲಿದ ಅಂಗಿ. ನೀನು ಪೆಟ್ಟಿಗೆಗೆ ಹೊಸ ಮೈ ಕೊಟ್ಟೆ. ಅಂಗಿ ಹಿಡಿಸಲಿಲ್ಲ, ಬಿಗಿಯಾಯ್ತು, ಜೊತೆಗಿದ್ದೋರನ್ನೂ ಹಿಡಿದು ಎಳೀತು. ಗಲಾಟೆ ಆಯ್ತು. ಗಲಾಟೆ ಆಗಿದ್ದಕ್ಕೇ ನಮಗೆ ಗೊತ್ತಾಗಿದ್ದು. ನೀನು ಭಾನುವಾರ ಕೈ ಹಾಕದೇ ಇದ್ದಿದ್ರೆ ಅದು ಇವತ್ತೂ ಒಳಗೆ ಕೂತು ಓದ್ತಾ ಇರೋದು."

ಅವನು ತಲೆ ತಗ್ಗಿಸಿದ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ನಾನು ನೋಡದವನಂತೆ ಯಂತ್ರಕ್ಕೆ ದಾರ ಪೋಣಿಸಿದೆ. ಅಕ್ಕನ ಮನೆಯಲ್ಲಿ ನಾಲ್ಕು ದಿನ ಕಳ್ಳನಂತೆ ಓಡಾಡಿದವನು ಅವತ್ತು ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂತ.

"ಓದ್ತಾ ಇತ್ತು ಅಂದ್ರೆ ಹೇಗೆ?" ಎಂದು ಕೇಳಿದೆ. "ಕಚೇರಿಗೆ ಹೋಗೋದೆಲ್ಲ ಬೀಗ ಹಾಕಿ ಹೋಗುತ್ತೆ ಅಂತಿದ್ದೆ ನೀನು."

"ಬೀಗ ಹಾಕೋದು ಈ ಪೆಟ್ಟಿಗೆ. ಸೊಸೆಯ ಕಂಪ್ಯೂಟರಿಂದ ಪೆಟ್ಟಿಗೆವರೆಗೆ ಕಾಗದ ತೆರೆದೇ ಬರುತ್ತೆ. ಇಲ್ಲಿ ಲಕೋಟೆಗೆ ಬೀಳುತ್ತೆ. ಲಕೋಟೆ ಅಂಟಿಸೋನ ಪಕ್ಕದಲ್ಲೇ ಕೂತ್ಕೊಂಡ್ರೆ ಸಾಕಲ್ಲ."

ಅವಳು ಆ ಡ್ರೈವಿನ ಎರಡು ಪ್ರತಿ ತೆಗೆದಳು. ಒಂದನ್ನು, ಒಳಗಿನಿಂದ ಬಂದ ಮಗ ವಕೀಲರ ಬಳಿಗೆ ಒಯ್ದ. ಹೋಗುವಾಗ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಭಾವಮೈದುನನ ಭುಜದ ಮೇಲೆ ಕೈಯಿಟ್ಟ. ಇನ್ನೊಂದು ಪ್ರತಿಯನ್ನು ನನ್ನವಳು ನನ್ನ ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಿದಳು.

"ಹದಿನಾಲ್ಕಕ್ಕೆ ಮನೆಯಲ್ಲಿ ಯಾರಿದ್ರು?" ಎಂದು ಕೇಳಿದಳು.

ನಾನೇ ಇದ್ದೆ. ಯೋಚಿಸಬೇಕಾಗಲೂ ಇಲ್ಲ. ಸೊಸೆಯ ಕಚೇರಿಯ ತಂತ್ರಜ್ಞ ಅಂದು ಬಂದಿದ್ದ, ಸುರಂಗ ಪರೀಕ್ಷಿಸಬೇಕು ಎಂದು. ಬಾಗಿಲು ತೆಗೆದವನು ನಾನು. ನೀರು ಕೊಟ್ಟವನೂ ನಾನು. ಈ ಕುರ್ಚಿಯಲ್ಲೇ ಕೂರಿಸಿದ್ದೆ.

ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕರೆಗಂಟೆ ಬಡಿಯಿತು.

ಆತನೇ ಬಂದಿದ್ದ. ನಲವತ್ತರ ಆಸುಪಾಸು, ಒತ್ತಿ ಬಾಚಿದ ಕೂದಲು, ಹೊಳೆಯುವ ಬೂಟು, ಭುಜಕ್ಕೆ ಕಪ್ಪು ಬ್ಯಾಗು. ಕೈಯಲ್ಲಿ ಮೊಹರಿನ ಪತ್ರ.

"ಪೆಟ್ಟಿಗೆ ತಗೊಂಡು ಹೋಗೋಕೆ ಬಂದೆ. ಸ್ವಚ್ಛ ಮಾಡಿ ಸಂಜೆಗೆ ವಾಪಸ್ ಕೊಡ್ತೀವಿ. ವಿಚಾರಣೆಗೆ ಮುಂಚೆ ಮುಗಿಸಿ ಅಂತ ಮೇಲಿನವರ ಆದೇಶ."

ಸೊಸೆಯ ತಮ್ಮ ಎದ್ದ. ನನ್ನವಳು ಅವನತ್ತ ನೋಡದೆಯೇ ಎಡಗೈ ಎತ್ತಿದಳು. ಅವನು ಕೂತ.

"ಬನ್ನಿ, ಕೂತ್ಕೊಳ್ಳಿ," ಎಂದಳು ತಂತ್ರಜ್ಞನಿಗೆ. ಅವಳ ದನಿ ಜೇನಿನಂತಿತ್ತು. ಮದುವೆಯಾಗಿ ಮೂವತ್ತೊಂಬತ್ತು ವರ್ಷವಾಯಿತು. ಆ ದನಿ ಕೇಳಿದರೆ ನಾನು ತಪ್ಪು ಮಾಡದಿದ್ದರೂ ಒಪ್ಪಿಕೊಂಡುಬಿಡುತ್ತೇನೆ.

"ಸಮಯ ಇಲ್ಲಮ್ಮ."

"ಎರಡು ನಿಮಿಷ. ತೊಂದರೆ ಇರೋ ಪೆಟ್ಟಿಗೇನ ಹಾಗೇ ಕೊಡೋದು ನನಗೆ ಸರಿ ಬರಲ್ಲ. ಏರಿಸಿದ ಮೇಲೆ ಪ್ಯಾಕೇಜ್ ಕೂರ್ತಾ ಇಲ್ಲ. ನಿಮ್ಮಂಥವರು ನೋಡಿದ್ರೆ ಚಿಟಿಕೆ ಹೊಡೆಯೋ ಕೆಲಸ."

ಆತ ನಕ್ಕ. ಹೊಗಳಿಕೆಗೆ ಬೀಳದವರು ಯಾರಿದ್ದಾರೆ. ಬ್ಯಾಗು ಇಳಿಸಿ, ಕುರ್ಚಿಯ ಅಂಚಿನಲ್ಲಿ ಕೂತ. ನನ್ನವಳು ಪರದೆಯನ್ನು ತನ್ನತ್ತ ತಿರುಗಿಸಿಕೊಂಡಿದ್ದಳು. ಆತನಿಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ.

"ಎಲ್ಲ ಅಳಿಸಿ ಮೊದಲಿಂದ ಹಾಕಿಬಿಡಿ," ಎಂದ. "ಹತ್ತು ನಿಮಿಷ. ಇಂಥದಕ್ಕೆಲ್ಲ ತಲೆ ಕೆಡಿಸ್ಕೋಬಾರದು."

"ಅಳಿಸಿದ್ರೆ ತೊಂದರೆ ಹೋಗುತ್ತೆ. ಯಾಕೆ ಬಂತು ಅನ್ನೋದೂ ಹೋಗುತ್ತೆ."

"ಯಾಕೆ ಬಂತು ಅಂತ ಗೊತ್ತಾಗಿ ಏನಾಗಬೇಕು?"

"ವಯಸ್ಸಾದೋಳು, ಕಲಿಯೋ ಆಸೆ. ಬೇರೆಲ್ಲ ಸರಿ ಆಗ್ತಿವೆ. ಒಂದು ಮಾತ್ರ ಹಟ ಹಿಡಿದಿದೆ. ಗೇಟ್‌ಲಾಗ್."

ಅಷ್ಟೇ ಹೇಳಿದಳು. ಉಗ್ರಾಣದಲ್ಲಿರುವ, ಯಾರು ಬೇಕಾದರೂ ಹಾಕಿಕೊಳ್ಳುವ, ಸಾಧು ಪ್ಯಾಕೇಜಿನ ಹೆಸರು. ಕೊನೆಯ ಅಕ್ಷರ ಅವಳ ಬಾಯಿಂದ ಹೊರಬೀಳಲಿಲ್ಲ. ಅದಕ್ಕೆ ನಾನೇ ಸಾಕ್ಷಿ.

ತಂತ್ರಜ್ಞ ಗಡಿಯಾರ ನೋಡಿಕೊಂಡ. "ಅದನ್ನ ತೆಗೆದುಹಾಕಿ. ಅದು ಉಗ್ರಾಣದಲ್ಲಿ ಸಿಗಲ್ಲ. ಹೊಸ ಆವೃತ್ತಿಗೆ ಅದು ಆಗೋದೇ ಇಲ್ಲ."

ನನ್ನವಳು ಪರದೆಯನ್ನು ನಿಧಾನವಾಗಿ ಆತನತ್ತ ತಿರುಗಿಸಿದಳು.

"ಸಿಗುತ್ತಲ್ಲ. ನೋಡಿ, ಮೂರನೇ ಸಾಲು. ಉಗ್ರಾಣದ್ದೇ. ಹೊಸ ಆವೃತ್ತಿಗೇ ಮಾಡಿದ್ದು."

ಆತ ನೋಡಿದ.

"ನೀವು ಯಾವ ಪ್ಯಾಕೇಜಿನ ಮಾತಾಡ್ತಿದೀರಿ?" ಎಂದು ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಈತ ಹೆಗಲು ಮುಟ್ಟಿಕೊಳ್ಳಲಿಲ್ಲ, ಬ್ಯಾಗಿನ ಪಟ್ಟಿ ಮುಟ್ಟಿಕೊಂಡ. ಬಿಗಿಯಾಗಿ ಹಿಡಿದುಕೊಂಡ.

"ನಾನು ಬೇರೆ ಯಾವುದೋ ಅಂದ್ಕೊಂಡೆ."

"ಕೊನೆಗೆ ಒಂದು ಅಕ್ಷರ ಹೆಚ್ಚಿರೋದಾ?"

ಆತ ಕುರ್ಚಿಯಿಂದ ಅರ್ಧ ಎದ್ದ.

"ಹದಿನಾಲ್ಕನೇ ತಾರೀಖು, ಹನ್ನೊಂದೂ ಇಪ್ಪತ್ತಕ್ಕೆ ಒಳಗೆ ಹೋಗಿದ್ದು. ಬಾಗಿಲು ತೆಗೆದವರು ಇವ್ರು. ಅವತ್ತು ಈ ಕುರ್ಚಿಯಲ್ಲಿ ಕೂತಿದ್ದೋರು ನೀವು."

"ಅಮ್ಮ, ನಿಮಗೆ ಇದೆಲ್ಲ ಅರ್ಥ ಆಗೋ ವಿಷಯ ಅಲ್ಲ."

ನಾನು ಕತ್ತರಿ ಕೆಳಗಿಟ್ಟೆ. ಆ ಮಾತನ್ನು ಅವಳಿಗೆ ಬಹಳ ಜನ ಹೇಳಿದ್ದಾರೆ. ಕಂಬದ ಕೆಳಗೆ ನಿಂತು ಹೇಳಿದ್ದಾರೆ, ಎಕ್ಸ್‌ಚೇಂಜಿನ ದೊಡ್ಡ ಮೇಜಿನ ಹಿಂದೆ ಕೂತು ಹೇಳಿದ್ದಾರೆ. ಒಬ್ಬರ ಮೇಲೂ ಅವಳು ದನಿ ಏರಿಸಿದ್ದು ನಾನು ಕಂಡಿಲ್ಲ. ಲೈನ್ ಸರಿಮಾಡಿ, ಫೋನು ಎತ್ತಿ ಅವರ ಕಿವಿಗೆ ಹಿಡಿಯುತ್ತಿದ್ದಳು.

ಈಗಲೂ ಅಷ್ಟೇ. ಅವಳು ಕೀಬೋರ್ಡಿಗೆ ತಿರುಗಿದಳು. ಪ್ರತಿ ಹೇಗೂ ಭದ್ರವಾಗಿತ್ತು. ಗೇಟ್‌ಲಾಗ್ಸ್ ಅನ್ನು ಬೇರುಸಹಿತ ಕಿತ್ತಳು. ಅದು ಹಿಡಿದುಕೊಂಡಿದ್ದ ಹಳೆಯ ಕಡತ ಬಿಡಿಸಿದಳು. ಮೂರು ಪ್ಯಾಕೇಜನ್ನು ಮತ್ತೆ ಕೂರಿಸು ಎಂದು ಆಜ್ಞೆ ಕೊಟ್ಟಳು. ಒಂದು ಹಸಿರು ಗುರುತು. ಎರಡು. ಮೂರು. ಕೆಂಪು ಸಾಲಿದ್ದ ಜಾಗ ಖಾಲಿ.

ನೋಟ್‌ಬುಕ್ಕಿನಲ್ಲಿ ಸಮಯ ಬರೆದಳು: ಹನ್ನೆರಡೂ ಹತ್ತು. ಕೆಳಗೆ ಎರಡು ಗೆರೆ ಎಳೆದಳು.

"ಇಷ್ಟೇ ಇದ್ದಿದ್ದು," ಎಂದಳು ಆತನಿಗೆ. "ಅರ್ಥ ಆಗದ ವಿಷಯ."

ಸೊಸೆಯ ತಮ್ಮನಿಗೆ ನಗು ತಡೆಯಲಾಗಲಿಲ್ಲ. ನನಗೂ. ನನ್ನ ಎದೆ ಎಷ್ಟು ಉಬ್ಬಿತೆಂದರೆ, ನಾನೇ ಹೊಲಿದುಕೊಂಡ ಅಂಗಿಯ ಗುಂಡಿ ಉಳಿದದ್ದು ಪುಣ್ಯ.

ತಂತ್ರಜ್ಞ ಆ ಮೂರು ಹಸಿರು ಗುರುತನ್ನೇ ನೋಡುತ್ತಿದ್ದ. ಮತ್ತೆ ಬಾಯಿಬಿಟ್ಟಾಗ ಆತನ ದನಿಯಲ್ಲಿ ಮೊದಲಿನ ಠೀವಿ ಇರಲಿಲ್ಲ.

"ಹಾಕಿದ್ದು ನಾನೇ," ಎಂದ. "ಆದ್ರೆ ಕದ್ದು ಹಾಕಿದ್ದಲ್ಲ."

"ಮತ್ತೆ?"

"ಕಚೇರಿಯಲ್ಲಿ ಬಾಯಿಮಾತಿಗೆ ಏನೂ ನಡೆಯಲ್ಲ. ಕೋರಿಕೆ ಪತ್ರ ಬೇಕು. ಪತ್ರ ಬಂತು, ನಾನು ಬಂದೆ. ಪ್ಯಾಕೇಜು ಕೂಡ ಪತ್ರದ ಜೊತೆಗೇ ಬಂತು. ಒಳಗೆ ಏನಿದೆ ಅಂತ ಕೇಳೋ ಅಧಿಕಾರ ನನಗಿಲ್ಲ."

"ಹಾಗಾದ್ರೆ ಇವತ್ತು ಅಳಿಸೋ ಅವಸರ ಯಾಕೆ?"

"ಹೊಸ ಆವೃತ್ತಿಗೆ ಅದು ಆಗಲ್ಲ ಅಂತ ನನಗೆ ಗೊತ್ತಿತ್ತು. ನೀವು ಏರಿಸಿದೀರಿ ಅಂತ ನಿನ್ನೆ ಸುದ್ದಿ ಬಂತು. ಹೊರಗೆ ಬಂದ್ರೆ ಮೊದಲು ಸಿಕ್ಕಿಬೀಳೋದು ನಾನು. ನನಗೂ ಮನೆ ಇದೆಯಮ್ಮ. ಹೆದರಿಕೆ ಆಯ್ತು."

ಅದು ಸುಳ್ಳಿನಂತೆ ಕೇಳಲಿಲ್ಲ. ನನ್ನವಳಿಗೂ ಹಾಗೇ ಅನ್ನಿಸಿರಬೇಕು. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಪತ್ರ ಯಾರದ್ದು?"

ಆತ ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದ. ಬ್ಯಾಗಿನ ಜಿಪ್ಪು ತೆಗೆದು, ನಾಲ್ಕು ಮಡಿಕೆಯ ಹಾಳೆಯೊಂದನ್ನು ಮೇಜಿನ ಮೇಲಿಟ್ಟ.

"ನಾನು ಇದನ್ನ ತೋರಿಸಬಾರದು ಅಂತಿದ್ದೆ. ನೀವೇ ಓದಿಕೊಳ್ಳಿ."

ನನ್ನವಳು ಬಿಡಿಸಿ ಓದಿದಳು. ಅವಳ ಬೆರಳು ಹಾಳೆಯ ಕೊನೆಗೆ ಬಂದು ನಿಂತಿತು. ಮತ್ತೆ ಮೊದಲಿಂದ ಓದಿದಳು. ಮೂವತ್ತನಾಲ್ಕು ವರ್ಷ ತಂತಿಯ ತುದಿ ಹುಡುಕಿದವಳು, ತುದಿ ಸಿಕ್ಕಾಗ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ.

ಹಾಳೆಯನ್ನು ನನಗೆ ಕೊಟ್ಟಳು. ನಮ್ಮ ಮನೆಯ ವಿಳಾಸ. ಹದಿನಾಲ್ಕನೇ ತಾರೀಖು. ಪ್ಯಾಕೇಜಿನ ಹೆಸರು, ಕೊನೆಯ ಆ ಹೆಚ್ಚಿನ ಅಕ್ಷರದ ಸಮೇತ. ಕೋರಿಕೆ ಸಲ್ಲಿಸಿದವರು ಎಂಬಲ್ಲಿ ನಮ್ಮ ಸೊಸೆಯ ಹೆಸರು, ಅದರ ಕೆಳಗೆ ನೀಲಿ ಶಾಯಿಯ ಸಹಿ.

"ಯಾರೋ ನಕಲು ಮಾಡಿದಾರೆ," ಎಂದ ಸೊಸೆಯ ತಮ್ಮ, ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತ. "ಅಕ್ಕ ಯಾಕೆ ಹೀಗೆ ಮಾಡ್ತಾಳೆ? ನಕಲೇ ಇದು."

"ನಕಲಲ್ಲ ಕಣೋ."

ಒಳಕೋಣೆಯ ಬಾಗಿಲು ಯಾವಾಗ ತೆರೆಯಿತೋ ಯಾರಿಗೂ ಗೊತ್ತಾಗಿರಲಿಲ್ಲ. ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. ವಿಚಾರಣೆಗೆ ಉಡುಪು ಬದಲಿಸಿ ತಯಾರಾಗಿದ್ದಳು. ನಡೆದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಓದಲಿಲ್ಲ. ಬಂದ ಮಡಿಕೆಯಲ್ಲೇ ಮತ್ತೆ ಮಡಚಿದಳು. ಮಡಿಕೆ ಎಲ್ಲೆಲ್ಲಿದೆ ಎಂದು ಅವಳ ಬೆರಳಿಗೆ ಗೊತ್ತಿತ್ತು.

"ಸಹಿ ನನ್ನದೇ ಅತ್ತೆ," ಎಂದಳು. "ಪ್ಯಾಕೇಜು ತರಿಸಿದ್ದೂ ನಾನೇ. ವರದಿಯನ್ನ ಯಾರೋ ಕದ್ದ ಹಾಗೆ ಕಾಣಲಿ ಅಂತ ಅದರ ಮೂಲಕವೇ ಗುತ್ತಿಗೆದಾರನಿಗೆ ಕಳಿಸಿದೆ."